ಆನ್‌ಲೈನ್ ಜಾಹೀರಾತಿನ ಕೊಂಡಿ ನಿರ್ವಹಣೆ ಮತ್ತು ಜಾಡುಪತ್ತೆ

ಆನ್‌ಲೈನ್ ಜಾಹೀರಾತಿನ ಕೊಂಡಿ ನಿರ್ವಹಣೆ ಎಂದರೆ ಅಂತರಜಾಲದಲ್ಲಿ ಪ್ರಕಟವಾದ ಜಾಹೀರಾತನ್ನು ಒತ್ತಿದ ವ್ಯಕ್ತಿಯು ಯಾವ ಪುಟವನ್ನು ತಲುಪಬೇಕೆಂಬುದನ್ನು ನಿರ್ಧರಿಸುವ, ಆ ಪುಟದ ವಿಳಾಸವನ್ನು ಸುಸ್ಥಿತಿಯಲ್ಲಿಡುವ ಮತ್ತು ಅಗತ್ಯ ಬಿದ್ದಾಗ ಬದಲಿಸುವ ಕಾರ್ಯ. ಹೀಗೆ ಬಂದವರು ಯಾವ ಜಾಹೀರಾತಿನಿಂದ ಬಂದರು, ಬಂದ ಮೇಲೆ ಖರೀದಿ, ಕರೆ, ನೋಂದಣಿ ಮುಂತಾದ ಯಾವ ಕ್ರಿಯೆಯನ್ನು ಮಾಡಿದರು ಎಂಬುದನ್ನು ದಾಖಲಿಸುವ ಕಾರ್ಯವನ್ನು ಜಾಡುಪತ್ತೆ ಅಥವಾ ಟ್ರ್ಯಾಕಿಂಗ್ ಎಂದು ಕರೆಯಲಾಗುತ್ತದೆ. ಜಾಹೀರಾತನ್ನು ಒತ್ತಿದಾಗ ಮೊದಲು ತೆರೆದುಕೊಳ್ಳುವ ಪುಟಕ್ಕೆ ಲ್ಯಾಂಡಿಂಗ್ ಪುಟವೆಂದು ಹೆಸರು. ಬಹುತೇಕ ಹುಡುಕಾಟ ಜಾಹೀರಾತುಗಳಲ್ಲಿ ಜಾಹೀರಾತುದಾರನು ಪ್ರತಿ ಒತ್ತಿಗೂ ಹಣ ತೆರುತ್ತಾನೆ. ಕೊಂಡಿ ಮುರಿದಿದ್ದರೂ ತಪ್ಪು ಪುಟಕ್ಕೆ ಒಯ್ದರೂ ಆ ಹಣ ಮರಳಿ ಬಾರದಿರುವುದರಿಂದ ಸಣ್ಣ ವ್ಯಾಪಾರಿಗಳ ಮಟ್ಟಿಗೆ ಈ ವಿಷಯವು ತಾಂತ್ರಿಕ ವಿವರಕ್ಕಿಂತ ಹೆಚ್ಚಾಗಿ ಲಾಭ-ನಷ್ಟದ ಪ್ರಶ್ನೆಯಾಗಿದೆ.

ಇತಿಹಾಸ

ಅಂತರಜಾಲದ ಮೊದಲ ಬ್ಯಾನರ್ ಜಾಹೀರಾತುಗಳು 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಜಾಲತಾಣದಲ್ಲಿ ಪ್ರಕಟವಾದವು. ಅವುಗಳಲ್ಲಿ ಎಟಿ ಅಂಡ್ ಟಿ ಕಂಪನಿಯ ಜಾಹೀರಾತು ಹೆಚ್ಚು ಪ್ರಸಿದ್ಧವಾದುದು. ಅದನ್ನು ಒತ್ತಿದವರನ್ನು ಕಂಪನಿಯ ಮುಖಪುಟಕ್ಕೆ ಕರೆದೊಯ್ಯದೆ, ಆ ಜಾಹೀರಾತಿಗಾಗಿಯೇ ಸಿದ್ಧಪಡಿಸಿದ ಪುಟಕ್ಕೆ ಕರೆದೊಯ್ಯಲಾಗುತ್ತಿತ್ತು. ಇಂದಿನ ಅರ್ಥದ ಲ್ಯಾಂಡಿಂಗ್ ಪುಟದ ಕಲ್ಪನೆಯು ಜಾಹೀರಾತಿನ ಜೊತೆಯಲ್ಲಿಯೇ ಹುಟ್ಟಿತೆನ್ನಬಹುದು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ತಂತ್ರಜ್ಞ ಲೂ ಮಾಂಟುಲ್ಲಿ ರೂಪಿಸಿದ ಕುಕಿ, ಅಂದರೆ ಬ್ರೌಸರ್‌ನಲ್ಲಿ ಉಳಿಯುವ ಸಣ್ಣ ಗುರುತಿನ ಕಡತ, ಮುಂದೆ ಜಾಡುಪತ್ತೆಯ ಮುಖ್ಯ ಸಾಧನವಾಯಿತು.

ಗೂಗಲ್ ಸಂಸ್ಥೆಯು 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಸೇವೆಯನ್ನು ಆರಂಭಿಸಿತು. 2018ರ ಜುಲೈನಲ್ಲಿ ಅದಕ್ಕೆ ಗೂಗಲ್ ಆಡ್ಸ್ ಎಂದು ಮರುನಾಮಕರಣವಾಯಿತು. ಅರ್ಚಿನ್ ಎಂಬ ಕಂಪನಿಯನ್ನು 2005ರಲ್ಲಿ ಕೊಂಡುಕೊಂಡ ಗೂಗಲ್, ಅದರ ತಂತ್ರಾಂಶವನ್ನು ಆಧರಿಸಿ ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ನೀಡಿತು. ಇಂದು ಜಗತ್ತಿನಾದ್ಯಂತ ಕೊಂಡಿಗಳ ಬಾಲದಲ್ಲಿ ಕಾಣುವ ಯುಟಿಎಂ ಎಂಬ ಮೂರಕ್ಷರಗಳು ಆ ಹಳೆಯ ಕಂಪನಿಯ ಹೆಸರನ್ನೇ ಹೊತ್ತಿವೆ: ಅರ್ಚಿನ್ ಟ್ರ್ಯಾಕಿಂಗ್ ಮಾಡ್ಯೂಲ್ ಎಂಬುದರ ಸಂಕ್ಷಿಪ್ತ ರೂಪವದು. ಅನಲಿಟಿಕ್ಸ್‌ನ ಹಳೆಯ ಆವೃತ್ತಿಯು 2023ರ ಜುಲೈ 1ರಿಂದ ಹೊಸ ಮಾಹಿತಿಯನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. 2020ರಲ್ಲಿ ಪರಿಚಯಿಸಲಾದ ನಾಲ್ಕನೆಯ ಆವೃತ್ತಿಯು ಅದರ ಸ್ಥಾನದಲ್ಲಿದೆ.

ಕೊಂಡಿಯ ರಚನೆ

ಜಾಹೀರಾತಿನ ಕೊಂಡಿಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಪುಟದ ನಿಜವಾದ ವಿಳಾಸ. ಎರಡನೆಯದು ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ, ಜಾಡು ತಿಳಿಸುವ ಭಾಗ. ಈ ಎರಡನೆಯ ಭಾಗದ ಪ್ರತಿಯೊಂದು ಅಂಶಕ್ಕೂ ಒಂದು ಹೆಸರು ಮತ್ತು ಒಂದು ಮೌಲ್ಯವಿದ್ದು, ಅಂಶಗಳ ನಡುವೆ & ಚಿಹ್ನೆ ಇರುತ್ತದೆ. ಯುಟಿಎಂ ಪದ್ಧತಿಯಲ್ಲಿ ಮೂಲತಃ ಐದು ಅಂಶಗಳಿವೆ: ಓದುಗ ಎಲ್ಲಿಂದ ಬಂದನೆಂಬುದನ್ನು ತಿಳಿಸುವ ಸೋರ್ಸ್, ಯಾವ ಬಗೆಯ ಮಾಧ್ಯಮವೆಂಬುದನ್ನು ತಿಳಿಸುವ ಮೀಡಿಯಂ, ಪ್ರಚಾರದ ಹೆಸರಾದ ಕ್ಯಾಂಪೇನ್, ಹುಡುಕುಪದವನ್ನು ತಿಳಿಸುವ ಟರ್ಮ್, ಒಂದೇ ಪ್ರಚಾರದ ಬೇರೆಬೇರೆ ಜಾಹೀರಾತುಗಳನ್ನು ಗುರುತಿಸುವ ಕಂಟೆಂಟ್.

ಈ ಮೌಲ್ಯಗಳನ್ನು ಯಾವ ಯಂತ್ರವೂ ತಿದ್ದುವುದಿಲ್ಲ, ಬರೆದಂತೆಯೇ ಎಣಿಕೆಯಾಗುತ್ತವೆ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಆರಂಭವಾದ ಫೇಸ್‌ಬುಕ್ ಮತ್ತು ಸಣ್ಣಕ್ಷರದ ಫೇಸ್‌ಬುಕ್ ವರದಿಯಲ್ಲಿ ಎರಡು ಬೇರೆ ಮೂಲಗಳಾಗಿ ಕಾಣಿಸಿಕೊಳ್ಳುತ್ತವೆ. ಕೊಂಡಿಯಲ್ಲಿ # ಚಿಹ್ನೆ ಇದ್ದರೆ ಜಾಡಿನ ಭಾಗವು ಅದಕ್ಕಿಂತ ಮುಂಚೆಯೇ ಬರಬೇಕು. ಆ ಚಿಹ್ನೆಯ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲ. ಕೊಂಡಿಯಲ್ಲಿ ಈಗಾಗಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದು ಮತ್ತೊಂದನ್ನು ಸೇರಿಸಿದಾಗಲೂ ಎಣಿಕೆ ಕೆಡುತ್ತದೆ. ಕೈಯಿಂದ ಕೊಂಡಿ ಕಟ್ಟುವಲ್ಲಿ ಇದು ಪದೇ ಪದೇ ಕಂಡುಬರುವ ತಪ್ಪು.

ಯುಟಿಎಂ ಮನುಷ್ಯರು ಬರೆಯುವ ಗುರುತು. ಇದಲ್ಲದೆ ಜಾಹೀರಾತು ವೇದಿಕೆಗಳೇ ಪ್ರತಿ ಒತ್ತಿಗೂ ಒಂದು ವಿಶಿಷ್ಟ ಗುರುತನ್ನು ಸೇರಿಸುತ್ತವೆ. ಗೂಗಲ್‌ನದು ಜಿಸಿಎಲ್‌ಐಡಿ. ಫೇಸ್‌ಬುಕ್ ತನ್ನ ಗುರುತನ್ನು 2018ರ ಅಕ್ಟೋಬರ್‌ನಿಂದ ಸೇರಿಸತೊಡಗಿತು. ಈ ಗುರುತುಗಳನ್ನು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ; ಆಯಾ ವೇದಿಕೆಯ ದತ್ತಾಂಶದೊಂದಿಗೆ ತಾಳೆ ಹಾಕಿದಾಗ ಮಾತ್ರ ಅವುಗಳಿಗೆ ಅರ್ಥ ಬರುತ್ತದೆ.

ಗೂಗಲ್ ಆಡ್ಸ್‌ನಲ್ಲಿ 2015ರವರೆಗೆ ಪುಟದ ವಿಳಾಸ ಮತ್ತು ಜಾಡಿನ ಭಾಗಗಳು ಒಂದೇ ಸಾಲಿನಲ್ಲಿದ್ದವು. ಜಾಡಿನ ಒಂದಕ್ಷರ ಬದಲಾದರೂ ಜಾಹೀರಾತು ಮತ್ತೆ ಪರಿಶೀಲನೆಗೆ ಹೋಗಬೇಕಾಗುತ್ತಿತ್ತು. 2015ರಲ್ಲಿ ಬಂದ ಬದಲಾವಣೆಯಿಂದ ಪುಟದ ವಿಳಾಸವು ಅಂತಿಮ ಯುಆರ್‌ಎಲ್ ಎಂಬ ಹೆಸರಿನಲ್ಲಿಯೂ ಜಾಡಿನ ಭಾಗವು ಟ್ರ್ಯಾಕಿಂಗ್ ಟೆಂಪ್ಲೇಟ್ ಎಂಬ ಹೆಸರಿನಲ್ಲಿಯೂ ಬೇರ್ಪಟ್ಟವು. ಟೆಂಪ್ಲೇಟನ್ನು ಖಾತೆ, ಪ್ರಚಾರ, ಜಾಹೀರಾತು ಗುಂಪು, ಜಾಹೀರಾತು ಹೀಗೆ ಯಾವ ಹಂತದಲ್ಲಿ ಬೇಕಾದರೂ ಬರೆಯಬಹುದು. ಕೆಳಗಿನ ಹಂತದಲ್ಲಿ ಬರೆದುದು ಮೇಲಿನದನ್ನು ಮೀರಿ ಜಾರಿಗೆ ಬರುತ್ತದೆ. ಖಾತೆಯ ಹಂತದಲ್ಲಿ ತಿದ್ದಿದರೂ ಜಾಹೀರಾತಿನ ಹಂತದಲ್ಲಿ ಹಳೆಯ ಟೆಂಪ್ಲೇಟ್ ಉಳಿದುಹೋದಾಗ ತಿದ್ದುಪಡಿ ಫಲ ನೀಡದಿರಲು ಇದೇ ಕಾರಣ.

ಮರುನಿರ್ದೇಶನ

ಜಾಹೀರಾತನ್ನು ಒತ್ತಿದವರನ್ನು ಮೊದಲು ಎಣಿಕೆಯ ಸರ್ವರ್‌ಗೆ, ಅಲ್ಲಿಂದ ನಿಜವಾದ ಪುಟಕ್ಕೆ ಕಳುಹಿಸುವ ಕ್ರಮವನ್ನು ಮರುನಿರ್ದೇಶನವೆನ್ನುತ್ತಾರೆ. ವಿಳಾಸ ಶಾಶ್ವತವಾಗಿ ಬದಲಾಗಿದ್ದರೆ ಸರ್ವರ್ 301 ಎಂಬ ಸಂಕೇತವನ್ನು, ತಾತ್ಕಾಲಿಕವಾಗಿದ್ದರೆ 302 ಅಥವಾ 307 ಎಂಬ ಸಂಕೇತವನ್ನು ನೀಡುತ್ತದೆ. 301 ಸಂಕೇತವನ್ನು ಬ್ರೌಸರ್ ನೆನಪಿಟ್ಟುಕೊಂಡು ಮುಂದಿನ ಬಾರಿ ನೇರವಾಗಿ ಹೊಸ ವಿಳಾಸಕ್ಕೇ ಹೋಗಬಹುದಾದ್ದರಿಂದ, ಆಗಾಗ ಬದಲಾಗುವ ಜಾಹೀರಾತು ಕೊಂಡಿಗಳಿಗೆ ಅದನ್ನು ಬಳಸುವುದು ಸೂಕ್ತವಲ್ಲ.

ಪ್ರತಿ ಮರುನಿರ್ದೇಶನವೂ ಒಂದಿಷ್ಟು ಸಮಯವನ್ನು ತಿನ್ನುತ್ತದೆ. ಸಂಪರ್ಕ ದುರ್ಬಲವಾಗಿರುವ ಹಳ್ಳಿಗಳಲ್ಲಿ ಪುಟ ತೆರೆಯುವ ಮೊದಲೇ ಓದುಗರು ಹಿಂದಿರುಗುತ್ತಾರೆ. ಆಗ ಜಾಹೀರಾತು ವೇದಿಕೆಯ ಲೆಕ್ಕದಲ್ಲಿ ಒತ್ತು ದಾಖಲಾಗಿರುತ್ತದೆ, ಜಾಲತಾಣದ ಲೆಕ್ಕದಲ್ಲಿ ಭೇಟಿ ದಾಖಲಾಗಿರುವುದಿಲ್ಲ. ಎರಡು ವರದಿಗಳ ಅಂಕಿಗಳು ಹೊಂದಿಕೊಳ್ಳದಿರುವುದನ್ನು ಕಂಡ ಕೂಡಲೇ ವಂಚನೆಯೆಂದು ಭಾವಿಸುವವರಿದ್ದಾರೆ. ಹಲವು ಸಲ ನಿಧಾನಗತಿಯ ಪುಟವೇ ಅದಕ್ಕೆ ಕಾರಣವಾಗಿರುತ್ತದೆ. ಈ ವಿಳಂಬವನ್ನು ತಗ್ಗಿಸಲು ಗೂಗಲ್ ಸಂಸ್ಥೆಯು ಸಮಾನಾಂತರ ಜಾಡುಪತ್ತೆಯನ್ನು ಜಾರಿಗೆ ತಂದಿತು. ಇದರಲ್ಲಿ ಓದುಗನು ನೇರವಾಗಿ ಅಂತಿಮ ಪುಟಕ್ಕೆ ಹೋಗುತ್ತಾನೆ; ಎಣಿಕೆಯ ಸರ್ವರ್‌ಗೆ ಸುದ್ದಿ ಮುಟ್ಟಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಹುಡುಕಾಟ ಜಾಹೀರಾತುಗಳಿಗೆ ಇದು 2018ರ ಅಕ್ಟೋಬರ್ 30ರಿಂದ ಕಡ್ಡಾಯವಾಯಿತು.

ಕನ್ನಡ ಲಿಪಿಯ ಕೊಂಡಿಗಳು

ಯುಆರ್‌ಎಲ್‌ನ ಮೂಲ ನಿಯಮಗಳು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳನ್ನು ಮಾತ್ರ ಒಪ್ಪುತ್ತವೆ. ಕನ್ನಡ ವಿಕಿಪೀಡಿಯದ ಲೇಖನಗಳಂತೆ ಕನ್ನಡ ಹೆಸರುಳ್ಳ ಪುಟಗಳಿಗೆ ಕೊಂಡಿ ಕೊಡುವಾಗ ಪ್ರತಿ ಅಕ್ಷರವೂ ಶೇಕಡಾ ಚಿಹ್ನೆಯ ಸಂಕೇತಗಳಾಗಿ ಮಾರ್ಪಡುತ್ತದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು, ಪ್ರತಿ ಬೈಟ್‌ಗೂ ಕೊಂಡಿಯಲ್ಲಿ 3 ಚಿಹ್ನೆಗಳು ಬೇಕು. 'ಇಟಗಿ' ಎಂಬ ಹೆಸರಿನಲ್ಲಿ ಇ, ಟ, ಗ ಮತ್ತು ಗುಡಿಸು ಸೇರಿ 4 ಸಂಕೇತಗಳಿವೆ. ಕೊಂಡಿಯಲ್ಲಿ ಅದು 36 ಚಿಹ್ನೆಗಳಾಗುತ್ತದೆ. 'ಕೊಪ್ಪಳ' 54 ಚಿಹ್ನೆಗಳಾಗುತ್ತದೆ.

ಕಿರುಸಂದೇಶಗಳಲ್ಲಿ ಈ ಹಿಗ್ಗುವಿಕೆಯ ಪರಿಣಾಮ ನೇರವಾಗಿ ಖರ್ಚಿನ ಮೇಲಾಗುತ್ತದೆ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಒಂದು ಎಸ್‌ಎಂಎಸ್‌ಗೆ 160 ಅಕ್ಷರಗಳ ಮಿತಿ ಇದ್ದರೆ, ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಆ ಮಿತಿ 70ಕ್ಕೆ ಇಳಿಯುತ್ತದೆ. ಊರಿನ ಹೆಸರೊಂದೇ 36 ಚಿಹ್ನೆಗಳನ್ನು ನುಂಗುವ ಕೊಂಡಿಯನ್ನು ಕನ್ನಡ ಸಂದೇಶದಲ್ಲಿಟ್ಟರೆ ಅದು ಎರಡು ಮೂರು ಸಂದೇಶಗಳಾಗಿ ಒಡೆದು, ಅಷ್ಟಕ್ಕೂ ಶುಲ್ಕ ಬೀಳುತ್ತದೆ. ಆದಕಾರಣ ಕನ್ನಡ ಪುಟಗಳಿಗೂ ಇಂಗ್ಲಿಷ್ ಅಕ್ಷರಗಳ ಕಿರುವಿಳಾಸ ಕೊಡುವ ರೂಢಿ ಬೆಳೆದಿದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2024ರ ಅಕ್ಟೋಬರ್ 1ರಿಂದ ವಾಣಿಜ್ಯ ಸಂದೇಶಗಳಲ್ಲಿನ ಕೊಂಡಿಗಳು ಮೊದಲೇ ಅನುಮೋದಿತ ಪಟ್ಟಿಯಲ್ಲಿ ಸೇರಿರಬೇಕು. ಪಟ್ಟಿಯಲ್ಲಿಲ್ಲದ ಕೊಂಡಿ ಹೊತ್ತ ಸಂದೇಶವನ್ನು ದೂರವಾಣಿ ಕಂಪನಿಗಳು ತಡೆಯುತ್ತವೆ.

ಉದ್ದಕ್ಕಿಂತಲೂ ಸೂಕ್ಷ್ಮವಾದ ತೊಂದರೆಯೆಂದರೆ ಒಂದೇ ರೀತಿ ಕಾಣುವ ಕನ್ನಡ ಪದಗಳು ಯಂತ್ರಕ್ಕೆ ಬೇರೆಬೇರೆಯಾಗಿ ಕಾಣುವುದು. 'ಕೊಪ್ಪಳ'ದ ಕೊ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸವೇ ಇರದಿದ್ದರೂ ವರದಿಯಲ್ಲಿ 'ಕೊಪ್ಪಳ' ಎರಡು ಸಾಲುಗಳಲ್ಲಿ ಬರುತ್ತದೆ. ಒತ್ತಕ್ಷರವಾಗದಂತೆ ತಡೆಯಲು ಟೈಪ್ ಮಾಡುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೂ ಇದೇ ಬಗೆಯ ಗೊಂದಲವನ್ನು ಉಂಟುಮಾಡುತ್ತದೆ. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಕಣ್ಣಿಗೆ ಒಂದೇ ಆಗಿದ್ದರೂ ಸಂಕೇತಗಳು ಬೇರೆ. ಮುದ್ರಣಾಲಯಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪಠ್ಯವನ್ನು ನಕಲಿಸಿ ಪ್ರಚಾರದ ಹೆಸರಾಗಿ ಅಂಟಿಸಿದರಂತೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಷ್ಟೇ ಉಳಿಯುತ್ತದೆ. ಜಾಡಿನ ಭಾಗದಲ್ಲಿ ಸಣ್ಣಕ್ಷರದ ಇಂಗ್ಲಿಷ್ ಲಿಪ್ಯಂತರವನ್ನೇ ಬಳಸಿ, ಕನ್ನಡವನ್ನು ಪುಟದ ಒಳಗೆ, ಓದುಗನ ಕಣ್ಣಿಗೆ ಬೀಳುವಲ್ಲಿ ಇರಿಸುವುದು ಈ ಎಲ್ಲ ತೊಡಕುಗಳಿಗೆ ಸದ್ಯದ ಸರಳ ಪರಿಹಾರ. ಕನ್ನಡಾಭಿಮಾನಕ್ಕೆ ಇದು ಹಿತವಲ್ಲದಿದ್ದರೂ ಲೆಕ್ಕಕ್ಕೆ ಹಿತವಾದುದು.

ಡೊಮೇನ್ ಹೆಸರಿನ ವಿಷಯದಲ್ಲಿ ಕನ್ನಡ ಲಿಪಿಗೆ ಅವಕಾಶವಿದೆ. ದೇಶದ ಸೂಚಕವಾದ '.ಭಾರತ' ಎಂಬ ಉನ್ನತ ಮಟ್ಟದ ಡೊಮೇನ್ ಕನ್ನಡ ಲಿಪಿಯಲ್ಲಿಯೂ ಲಭ್ಯವಿದೆ. ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪದಲ್ಲಿರುತ್ತದೆ, ಕೆಲವು ತಂತ್ರಾಂಶಗಳು ಆ ಒಳರೂಪವನ್ನೇ ತೋರಿಸುವುದರಿಂದ ಓದುಗರು ಅದನ್ನು ನಕಲಿ ಕೊಂಡಿಯೆಂದು ಶಂಕಿಸುವುದುಂಟು.

ಊರ ಹೆಸರು ಮತ್ತು ತಪ್ಪು ಪುಟ: ಇಟಗಿಯ ಉದಾಹರಣೆ

ಕೊಪ್ಪಳ ಜಿಲ್ಲೆಯ ಇಟಗಿಯು ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಈ ದೇವಾಲಯವನ್ನು ನೋಡಲು ಬರುವವರು ಹಂಪಿ, ಲಕ್ಕುಂಡಿ, ಕುಕನೂರುಗಳನ್ನೂ ಅದೇ ಪ್ರವಾಸದಲ್ಲಿ ಸೇರಿಸಿಕೊಳ್ಳುತ್ತಾರೆ. ಇಂಥ ಪ್ರವಾಸಿಗರನ್ನು ಉದ್ದೇಶಿಸಿ ವಸತಿಗೃಹ ಅಥವಾ ವಾಹನ ಬಾಡಿಗೆಯವರು 'ಇಟಗಿ' ಎಂಬ ಹುಡುಕುಪದಕ್ಕೆ ಜಾಹೀರಾತು ಕೊಟ್ಟಾಗ ಸಮಸ್ಯೆಯೊಂದು ಎದುರಾಗುತ್ತದೆ.

ಇಟಗಿ ಎಂಬ ಹೆಸರಿನ ಊರು ಒಂದೇ ಅಲ್ಲ. ಗದಗ ಜಿಲ್ಲೆಯ ರೋಣ ಭಾಗದ ಇಟಗಿಯು ಶಿವಶರಣೆ ಭೀಮಾಂಬಿಕೆಯ ಕ್ಷೇತ್ರವಾಗಿ ಪ್ರಸಿದ್ಧವಾಗಿದ್ದು, ಅಲ್ಲಿಗೆ ಹೋಗುವ ಭಕ್ತರೂ ಇದೇ ಪದವನ್ನು ಹುಡುಕುತ್ತಾರೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಮತ್ತು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿಯೂ ಇದೇ ಹೆಸರಿನ ಊರುಗಳಿವೆ. ಭೀಮಾಂಬಿಕೆಯ ಮಠಕ್ಕೆ ದಾರಿ ಹುಡುಕುವವನು ಕುಕನೂರಿನ ಬಾಡಿಗೆ ಕಾರಿನ ಪುಟಕ್ಕೆ ಬಂದಿಳಿದರೆ ಅವನಿಗೂ ಪ್ರಯೋಜನವಿಲ್ಲ, ಹಣ ತೆತ್ತವನಿಗೂ ಇಲ್ಲ. 'ಭೀಮಾಂಬಿಕೆ', 'ರೋಣ', 'ಖಾನಾಪುರ' ಮುಂತಾದ ಪದಗಳನ್ನು ನಿಷೇಧ ಪದಗಳ ಪಟ್ಟಿಗೆ ಸೇರಿಸುವುದು, 'ಇಟಗಿ ಮಹಾದೇವ', 'ಇಟಗಿ ಕುಕನೂರು' ಎಂಬ ಜೋಡಿಪದಗಳಿಗೆ ಮಾತ್ರ ಜಾಹೀರಾತು ನೀಡುವುದು, ಲ್ಯಾಂಡಿಂಗ್ ಪುಟದ ಮೊದಲ ಸಾಲಿನಲ್ಲಿಯೇ ಜಿಲ್ಲೆ ಮತ್ತು ತಾಲ್ಲೂಕನ್ನು ಬರೆಯುವುದು ಇದಕ್ಕೆ ಪರಿಹಾರಗಳು. ತಾಲ್ಲೂಕಿನ ಹೆಸರು ಬದಲಾಗಿರುವುದರಿಂದ ಯಲಬುರ್ಗಾ ಎಂಬ ಹಳೆಯ ಹೆಸರನ್ನೂ ಪುಟದಲ್ಲಿ ಉಳಿಸಿಕೊಳ್ಳಬೇಕಾಗುತ್ತದೆ. ಹಳೆಯ ಪುಸ್ತಕ, ನಕ್ಷೆಗಳನ್ನು ಓದಿದವರು ಅದನ್ನೇ ಹುಡುಕುತ್ತಾರೆ.

ಸ್ಥಳವನ್ನು ಗುರಿಯಾಗಿಸುವ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಗೂಗಲ್ ಆಡ್ಸ್ ಸ್ವಯಂಚಾಲಿತವಾಗಿ ಆರಿಸಿಕೊಳ್ಳುವ ಕ್ರಮದಲ್ಲಿ, ಆ ಸ್ಥಳದಲ್ಲಿ ಇರುವವರೊಂದಿಗೆ ಆ ಸ್ಥಳದ ಬಗ್ಗೆ ಆಸಕ್ತಿ ತೋರಿದವರೂ ಸೇರುತ್ತಾರೆ. ಬೆಂಗಳೂರಿನಲ್ಲಿ ಕುಳಿತು ಇಟಗಿ ಪ್ರವಾಸ ಯೋಜಿಸುವವರನ್ನು ತಲುಪಬೇಕಾದ ವಸತಿಗೃಹಕ್ಕೆ ಇದು ಅನುಕೂಲ. ಯಲಬುರ್ಗಾದ ಟ್ರ್ಯಾಕ್ಟರ್ ದುರಸ್ತಿ ಅಂಗಡಿಗೆ ಇದು ವೃಥಾ ಖರ್ಚು. ಭಾಷೆಯ ಪಟ್ಟಿಯಲ್ಲಿ ಕನ್ನಡವಿದ್ದರೂ ಕನ್ನಡಿಗರಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿಯೇ ಹುಡುಕುವುದರಿಂದ ಎರಡೂ ಲಿಪಿಗಳ ಹುಡುಕುಪದಗಳು ಬೇಕಾಗುತ್ತವೆ. ಕೊಪ್ಪಳ ತಾಲ್ಲೂಕಿನ ಪ್ರಸಿದ್ಧ ಮರದ ಗೊಂಬೆಗಳ ಊರನ್ನು ಕನ್ನಡದಲ್ಲಿ ಕಿನ್ನಾಳ, ಕಿನ್ಹಾಳ ಎಂದು ಎರಡು ಬಗೆಯಾಗಿ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಇನ್ನೂ ಹೆಚ್ಚಿನ ರೂಪಗಳಿವೆ. ಈ ಎಲ್ಲ ರೂಪಗಳಿಂದ ಬಂದವರನ್ನೂ ಒಂದೇ ಪುಟಕ್ಕೆ ತರಬಹುದು, ಯಾವ ರೂಪದಿಂದ ಬಂದರೆಂಬುದನ್ನು ಟರ್ಮ್ ಎಂಬ ಅಂಶದಿಂದ ತಿಳಿಯಬಹುದು.

ಕನ್ನಡದ ಜಾಹೀರಾತು ಓದಿ ಬಂದವನ ಮುಂದೆ ಇಂಗ್ಲಿಷ್ ಅರ್ಜಿ ತೆರೆದುಕೊಳ್ಳುವುದು ಇನ್ನೊಂದು ಬಗೆಯ ತಪ್ಪು ಪುಟ. ತಾಂತ್ರಿಕವಾಗಿ ಕೊಂಡಿಯಲ್ಲಿ ಯಾವ ದೋಷವೂ ಇಲ್ಲದಿರುವುದರಿಂದ ಯಾವ ಪರೀಕ್ಷಾ ಸಾಧನವೂ ಇದನ್ನು ಹಿಡಿಯುವುದಿಲ್ಲ.

ಕೊಂಡಿಗಳ ಪಾಲನೆ

ಜಾಹೀರಾತು ಪ್ರಕಟವಾದ ಬಳಿಕವೂ ಪುಟ ಅಳಿಯಬಹುದು, ಸರಕು ಮುಗಿಯಬಹುದು, ಜಾಲತಾಣವೇ ಬದಲಾಗಬಹುದು. ಗೂಗಲ್‌ನ ಆಡ್ಸ್‌ಬಾಟ್ ಎಂಬ ತಂತ್ರಾಂಶವು ಲ್ಯಾಂಡಿಂಗ್ ಪುಟಗಳಿಗೆ ಭೇಟಿ ನೀಡಿ, ತೆರೆಯದ ಪುಟಗಳ ಜಾಹೀರಾತನ್ನು ತಡೆಹಿಡಿಯುತ್ತದೆ. ಜಾಹೀರಾತಿನಲ್ಲಿ ತೋರಿಸಿದ ಡೊಮೇನ್ ಮತ್ತು ಓದುಗ ತಲುಪುವ ಡೊಮೇನ್ ಬೇರೆಯಾಗಿದ್ದರೂ ಜಾಹೀರಾತು ತಿರಸ್ಕೃತವಾಗುತ್ತದೆ. 'ಪುಟ ಸಿಗಲಿಲ್ಲ' ಎಂಬ ಬರಹವನ್ನು ತೋರಿಸುತ್ತಲೇ ಸರಿಯಾದ ಪುಟದ 200 ಸಂಕೇತವನ್ನು ಕಳುಹಿಸುವ ಜಾಲತಾಣಗಳು ಈ ಪರೀಕ್ಷೆಯಿಂದ ನುಣುಚಿಕೊಳ್ಳಬಹುದು. ನಷ್ಟ ಜಾಹೀರಾತುದಾರನದೇ.

ಋತುಮಾನದ ಬೆಳೆಗಳಲ್ಲಿ ಈ ಸಮಸ್ಯೆ ಪ್ರತಿ ವರ್ಷ ಮರಳುತ್ತದೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ 'ಕರ್ಸಿರಿ' ಜಾಲತಾಣದ ಮೂಲಕ ಬೆಳೆಗಾರರ ಮಾವು ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಗ್ರಾಹಕರ ಮನೆ ಸೇರುತ್ತದೆ. ಕೇಸರ್ ಮಾವು ಬೆಳೆಯುವ ಕೊಪ್ಪಳ ಜಿಲ್ಲೆಯ ರೈತರಂಥವರಿಗೆ ಇಂಥ ನೇರ ಮಾರಾಟದ ಅವಧಿ ಬೇಸಿಗೆಯ ಕೆಲವೇ ವಾರಗಳು. ಹಂಗಾಮು ಮುಗಿದ ಮೇಲೆ ಪುಟವನ್ನು ಅಳಿಸಿ ಮುಂದಿನ ವರ್ಷ ಹೊಸ ವಿಳಾಸದಲ್ಲಿ ತೆರೆಯುವ ಕ್ರಮಕ್ಕಿಂತ, ಒಂದೇ ವಿಳಾಸವನ್ನು ಉಳಿಸಿಕೊಂಡು, ವರ್ಷದ ಅಂಕಿಯನ್ನು ವಿಳಾಸದಲ್ಲಿ ಬಳಸದೆ ಕ್ಯಾಂಪೇನ್ ಎಂಬ ಅಂಶದಲ್ಲಿ ಬಳಸುವ ಕ್ರಮವು ಋತುಮಾನದ ಯಾವುದೇ ಮಾರಾಟಕ್ಕೂ ಮೇಲು. ಹಾಗೆ ಮಾಡಿದಾಗ ಕಳೆದ ವರ್ಷ ಯಾರೋ ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಕೊಂಡಿಯೂ ಈ ವರ್ಷ ಗಿರಾಕಿಯನ್ನು ತರುತ್ತದೆ.

ಜಾಲತಾಣದ ಮೂಲ ಸ್ವರೂಪವೇ ಬದಲಾದಾಗ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಮಿಂತ್ರಾ ಕಂಪನಿಯು ಹೆಸರುವಾಸಿಯಾದ ನಿದರ್ಶನ. ಅದು 2015ರ ಮೇ 15ರಂದು ತನ್ನ ಜಾಲತಾಣವನ್ನು ಮುಚ್ಚಿ ಕೇವಲ ಮೊಬೈಲ್ ಆ್ಯಪ್ ಮೂಲಕ ಮಾರಾಟ ನಡೆಸಲು ನಿರ್ಧರಿಸಿತು. ಆವರೆಗೆ ಉಡುಪು, ಪಾದರಕ್ಷೆಗಳ ಪುಟಗಳಿಗೆ ಒಯ್ಯುತ್ತಿದ್ದ ಕೊಂಡಿಗಳು ಸರಕನ್ನು ತೋರಿಸುವ ಬದಲು ಆ್ಯಪ್ ಇಳಿಸಿಕೊಳ್ಳಲು ಹೇಳತೊಡಗಿದವು. 2016ರಲ್ಲಿ ಕಂಪನಿಯು ಮೊದಲು ಮೊಬೈಲ್ ಜಾಲತಾಣವನ್ನೂ ಬಳಿಕ ಜೂನ್‌ನಲ್ಲಿ ಕಂಪ್ಯೂಟರ್ ಜಾಲತಾಣವನ್ನೂ ಮತ್ತೆ ತೆರೆಯಿತು. ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ 2015ರಲ್ಲಿ ಮುಚ್ಚಿದ್ದ ಮೊಬೈಲ್ ಜಾಲತಾಣವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹಗುರ ರೂಪದಲ್ಲಿ ಮರಳಿ ತಂದಿತು. ಆ್ಯಪ್‌ನ ಒಳಪುಟಕ್ಕೆ ನೇರವಾಗಿ ಒಯ್ಯುವ ಆಳಕೊಂಡಿಗಳು ಈ ಕೊರತೆಯನ್ನು ತುಂಬಲು ಬೆಳೆದವು. ಆದರೆ ಅವೂ ಶಾಶ್ವತವಲ್ಲ. ಈ ಉದ್ದೇಶಕ್ಕೆ ಬಳಕೆಯಲ್ಲಿದ್ದ ಗೂಗಲ್‌ನ ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ ಸೇವೆ 2025ರ ಆಗಸ್ಟ್ 25ರಂದು ಸ್ಥಗಿತವಾಯಿತು.

ಬೇರೆಯವರ ಕಿರುಕೊಂಡಿ ಸೇವೆಯನ್ನು ನಂಬುವುದರ ಅಪಾಯವೂ ಇದೇ. ಗೂಗಲ್‌ನ ಗೂ.ಜಿಎಲ್ ಸೇವೆ 2019ರ ಮಾರ್ಚ್‌ನಲ್ಲಿ ಹೊಸ ಕೊಂಡಿಗಳನ್ನು ಕೊಡುವುದನ್ನು ನಿಲ್ಲಿಸಿತು. ಹಳೆಯ ಕೊಂಡಿಗಳೆಲ್ಲವೂ 2025ರ ಆಗಸ್ಟ್‌ನಲ್ಲಿ ನಿಲ್ಲುತ್ತವೆಂದು ಮೊದಲು ಪ್ರಕಟಿಸಿ, ಕೊನೆಗಳಿಗೆಯಲ್ಲಿ ಬಳಕೆಯಲ್ಲಿರುವವನ್ನು ಉಳಿಸುವುದಾಗಿ ತಿಳಿಸಲಾಯಿತು. ಗೋಡೆಬರಹ, ಫಲಕ, ಕರಪತ್ರಗಳಲ್ಲಿ ಮುದ್ರಿಸಿದ ಕ್ಯೂಆರ್ ಸಂಕೇತಗಳ ಒಳಗೆ ಇರುವುದೂ ಒಂದು ಕೊಂಡಿಯೇ. ಬಣ್ಣ ಬಳಿದ ಮೇಲೆ ಅದನ್ನು ತಿದ್ದಲಾಗದು. ಆದ್ದರಿಂದ ಅವುಗಳಿಗೆ ಸ್ವಂತ ಡೊಮೇನ್‌ನ ಚಿಕ್ಕ ವಿಳಾಸವನ್ನು ಕೊಟ್ಟು, ಅಲ್ಲಿಂದ ಬೇಕಾದ ಪುಟಕ್ಕೆ 302 ಸಂಕೇತದ ಮೂಲಕ ಮರುನಿರ್ದೇಶಿಸುವುದು ಸುರಕ್ಷಿತ.

ಜಾಲತಾಣವಿಲ್ಲದ ಜಾಹೀರಾತು

ಸಣ್ಣ ಊರುಗಳ ವ್ಯಾಪಾರಿಗಳಲ್ಲಿ ಹಲವರಿಗೆ ಸ್ವಂತ ಜಾಲತಾಣವಿಲ್ಲ. ಅವರ ಜಾಹೀರಾತುಗಳು ವಾಟ್ಸ್ಆ್ಯಪ್ ಸಂಭಾಷಣೆಗೆ ಅಥವಾ ನೇರವಾಗಿ ದೂರವಾಣಿ ಕರೆಗೆ ಒಯ್ಯುತ್ತವೆ. ಇಲ್ಲಿ ಲ್ಯಾಂಡಿಂಗ್ ಪುಟವೂ ಇಲ್ಲ, ಯುಟಿಎಂ ಉಳಿಯುವ ಸ್ಥಳವೂ ಇಲ್ಲ. ವಾಟ್ಸ್ಆ್ಯಪ್ ಕೊಂಡಿಯಲ್ಲಿ ಮೊದಲ ಸಂದೇಶವನ್ನು ಮುಂಚಿತವಾಗಿ ಬರೆದಿಡಲು ಅವಕಾಶವಿರುವುದರಿಂದ, ಪ್ರತಿ ಜಾಹೀರಾತಿಗೂ ಬೇರೆ ವಾಕ್ಯವನ್ನಿಟ್ಟು ಬಂದ ಸಂದೇಶದಿಂದಲೇ ಮೂಲವನ್ನು ಗುರುತಿಸುವ ಉಪಾಯವಿದೆ. ಮಾರಾಟವು ಅಂಗಡಿಯ ಗಲ್ಲೆಯಲ್ಲಿ ನಡೆದಾಗ, ಜಿಸಿಎಲ್‌ಐಡಿಯನ್ನು ಗಿರಾಕಿಯ ವಿವರದೊಂದಿಗೆ ಇಟ್ಟುಕೊಂಡಿದ್ದರೆ 90 ದಿನಗಳೊಳಗೆ ಆ ಮಾರಾಟವನ್ನು ಗೂಗಲ್ ಆಡ್ಸ್‌ಗೆ ಸೇರಿಸಬಹುದು. 'ಎಲ್ಲಿ ನೋಡಿ ಬಂದಿರಿ?' ಎಂದು ಗಿರಾಕಿಯನ್ನು ಕೇಳಿ ಪುಸ್ತಕದಲ್ಲಿ ಬರೆದಿಡುವ ಹಳೆಯ ಕ್ರಮವೂ ಜಾಡುಪತ್ತೆಯೇ. ಯಂತ್ರದ ಎಣಿಕೆಯನ್ನು ತಾಳೆ ನೋಡಲು ಅದು ಈಗಲೂ ನೆರವಾಗುತ್ತದೆ.

ಪುಟದ ಗುಣಮಟ್ಟ

ಗೂಗಲ್ ಆಡ್ಸ್ ಪ್ರತಿ ಹುಡುಕುಪದಕ್ಕೂ 1ರಿಂದ 10ರವರೆಗಿನ ಗುಣಮಟ್ಟದ ಅಂಕವನ್ನು ತೋರಿಸುತ್ತದೆ. ನಿರೀಕ್ಷಿತ ಒತ್ತುಪ್ರಮಾಣ, ಜಾಹೀರಾತಿನ ಪ್ರಸ್ತುತತೆ ಮತ್ತು ಲ್ಯಾಂಡಿಂಗ್ ಪುಟದ ಅನುಭವ ಎಂಬ ಮೂರು ಅಂಶಗಳು ಅದರಲ್ಲಿ ಸೇರಿವೆ. ಪುಟದ ಮುಖ್ಯ ಭಾಗವು 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಸೂಚಿಸುವ ವೇಗದ ಅಳತೆಗಳಲ್ಲೊಂದು. ಭಾರವಾದ ಚಿತ್ರಗಳು ಮತ್ತು ಕನ್ನಡ ಅಕ್ಷರವಿನ್ಯಾಸದ ದೊಡ್ಡ ಕಡತಗಳು ಈ ಅಳತೆಯನ್ನು ಮೀರಿಸುವುದು ಸಾಮಾನ್ಯ. ಎಣಿಕೆಗಾಗಿ ಸೇರಿಸಿದ ಹತ್ತಾರು ಸ್ಕ್ರಿಪ್ಟ್‌ಗಳೂ ಪುಟವನ್ನು ನಿಧಾನಗೊಳಿಸುತ್ತವೆ.

ಖಾಸಗಿತನ ಮತ್ತು ಕಾನೂನು

ಜಾಡುಪತ್ತೆಯು ಜಾಹೀರಾತುದಾರನಿಗೆ ಲೆಕ್ಕವಾದರೆ ಓದುಗನಿಗೆ ಕಣ್ಗಾವಲು. ಬೆಂಗಳೂರಿನಲ್ಲಿ ಬೆಳೆದ ಜಾಹೀರಾತು ತಂತ್ರಜ್ಞಾನ ಕಂಪನಿ ಇನ್‌ಮೊಬಿ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ಪ್ರಕರಣ ಈ ಸಂಬಂಧದಲ್ಲಿ ಮಹತ್ವದ್ದು. ಬಳಕೆದಾರರು ಸ್ಥಳದ ಮಾಹಿತಿಗೆ ಅನುಮತಿ ನಿರಾಕರಿಸಿದ್ದರೂ ಸುತ್ತಲಿನ ವೈಫೈ ಜಾಲಗಳ ವಿವರದಿಂದ ಅವರ ಸ್ಥಳವನ್ನು ಊಹಿಸಲಾಗುತ್ತಿತ್ತೆಂದೂ, ಮಕ್ಕಳ ಆ್ಯಪ್‌ಗಳಿಂದಲೂ ಮಾಹಿತಿ ಸಂಗ್ರಹವಾಗಿತ್ತೆಂದೂ ಆಯೋಗವು ಆರೋಪಿಸಿತ್ತು. 2016ರ ಜೂನ್‌ನಲ್ಲಿ ಕಂಪನಿಯು 9.5 ಲಕ್ಷ ಡಾಲರ್ ದಂಡ ತೆರಲು ಮತ್ತು 20 ವರ್ಷಗಳ ಕಾಲ ಎರಡು ವರ್ಷಗಳಿಗೊಮ್ಮೆ ಸ್ವತಂತ್ರ ಪರಿಶೀಲನೆಗೆ ಒಳಗಾಗಲು ಒಪ್ಪಿ ರಾಜಿ ಮಾಡಿಕೊಂಡಿತು.

ಬ್ರೌಸರ್‌ಗಳೂ ಜಾಡುಪತ್ತೆಗೆ ಮಿತಿ ಹೇರಿವೆ. ಆ್ಯಪಲ್ ಕಂಪನಿಯ ಸಫಾರಿ 2017ರಿಂದ ಅನ್ಯತಾಣಗಳ ಕುಕಿಗಳನ್ನು ನಿರ್ಬಂಧಿಸತೊಡಗಿತು. 2021ರ ಏಪ್ರಿಲ್‌ನಿಂದ ಐಫೋನ್ ಆ್ಯಪ್‌ಗಳು ಜಾಡುಪತ್ತೆಗೆ ಮುನ್ನ ಅನುಮತಿ ಕೇಳಬೇಕಾಯಿತು. 2022ರಲ್ಲಿ ಫೈರ್‌ಫಾಕ್ಸ್, 2023ರಲ್ಲಿ ಐಒಎಸ್ 17 ಕೆಲವು ಸಂದರ್ಭಗಳಲ್ಲಿ ಕೊಂಡಿಯಲ್ಲಿನ ವ್ಯಕ್ತಿಗತ ಗುರುತುಗಳನ್ನೇ ಕತ್ತರಿಸುವ ವ್ಯವಸ್ಥೆ ತಂದವು. ಯುಟಿಎಂ ಅಂಶಗಳು ವ್ಯಕ್ತಿಯನ್ನು ಗುರುತಿಸದಿರುವುದರಿಂದ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಕ್ರೋಮ್‌ನಿಂದ ಅನ್ಯತಾಣಗಳ ಕುಕಿಗಳನ್ನು ತೆಗೆಯುವುದಾಗಿ 2020ರಲ್ಲಿ ಪ್ರಕಟಿಸಿದ್ದ ಗೂಗಲ್, ಹಲವು ಮುಂದೂಡಿಕೆಗಳ ನಂತರ 2024 ಮತ್ತು 2025ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕೆಂದು ಅದು ವಿಧಿಸುತ್ತದೆ. ಕನ್ನಡವೂ ಆ ಅನುಸೂಚಿಯಲ್ಲಿರುವುದರಿಂದ ಲ್ಯಾಂಡಿಂಗ್ ಪುಟದ ಅನುಮತಿ ಪತ್ರವು ಕನ್ನಡದಲ್ಲಿ ದೊರೆಯುವುದು ಕಾನೂನಿನ ಹಕ್ಕಾಗುತ್ತದೆ. 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ನೀಡುವುದನ್ನೂ ಅಧಿನಿಯಮ ನಿಷೇಧಿಸಿದ್ದು, ಇದಕ್ಕೆ ಕೆಲವು ವಿನಾಯಿತಿಗಳಿವೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ.

ದುರ್ಬಳಕೆ

ಪರಿಶೀಲನಾ ತಂತ್ರಾಂಶಕ್ಕೆ ಒಂದು ಪುಟ, ಓದುಗನಿಗೆ ಇನ್ನೊಂದು ಪುಟ ತೋರಿಸುವ ವಂಚನೆಯನ್ನು ಕ್ಲೋಕಿಂಗ್ ಎನ್ನುತ್ತಾರೆ. ಬಹುತೇಕ ವೇದಿಕೆಗಳು ಇದಕ್ಕೆ ಖಾತೆ ರದ್ದತಿಯ ಶಿಕ್ಷೆ ವಿಧಿಸುತ್ತವೆ. ಯಾವ ವಿಳಾಸ ಕೊಟ್ಟರೂ ಅಲ್ಲಿಗೆ ಕಳುಹಿಸುವ, ಪರೀಕ್ಷೆಯಿಲ್ಲದ ಮರುನಿರ್ದೇಶನ ಪುಟಗಳು ಇನ್ನೊಂದು ಅಪಾಯ. ನಂಬಿಕಸ್ಥ ಸಂಸ್ಥೆಯ ಡೊಮೇನ್‌ನಿಂದ ಆರಂಭವಾಗುವ ಕೊಂಡಿಯು ಓದುಗನನ್ನು ಜೂಜಿನ ಅಥವಾ ನಕಲಿ ಬ್ಯಾಂಕಿನ ಪುಟಕ್ಕೆ ತಲುಪಿಸಬಲ್ಲದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿದೆ. ಒಂದು ಸರಕನ್ನು ತೋರಿಸಿ ಕರೆತಂದು ಇನ್ನೊಂದನ್ನು ಮಾರುವುದು, ಸುಳ್ಳು ತುರ್ತು ಹುಟ್ಟಿಸುವುದು, ಜಾಹೀರಾತನ್ನು ಸುದ್ದಿಯಂತೆ ಮರೆಮಾಚುವುದು ಅವುಗಳಲ್ಲಿ ಸೇರಿವೆ. ಜಾಹೀರಾತಿನಲ್ಲಿ ಹೇಳಿದ ಬೆಲೆ ಲ್ಯಾಂಡಿಂಗ್ ಪುಟದಲ್ಲಿ ಸಿಗದೆ, ಹಣ ಪಾವತಿಯ ಹಂತದಲ್ಲಿ ಶುಲ್ಕಗಳು ಸೇರುತ್ತ ಹೋಗುವುದನ್ನೂ ಈ ಮಾರ್ಗಸೂಚಿ ವಂಚಕ ವಿನ್ಯಾಸವೆಂದೇ ಪರಿಗಣಿಸುತ್ತದೆ.